ಹೊರಗೆ ನಿಲ್ಲಿಸಿದ್ದು ಶಿಕ್ಷೆಯೋ, ಬಹುಮಾನವೋ?

ಒಂದನೇ ತರಗತಿ. ಪಾಠದ ನಡುವೆ ಮಕ್ಕಳು ಎದ್ದೆದ್ದು ಓಡಾಡುತ್ತಾರೆ. ಟೀಚರು ‘ಕೂತ್ಕೊ’ ಅನ್ನುತ್ತಾರೆ, ಮಗು ಕೂರುತ್ತದೆ. ಯಾವ ಊರಿನ ಯಾವ ಶಾಲೆಯಲ್ಲೂ ಕಾಣುವ ಸಂಗತಿ. ಅಮೆರಿಕದ ಸಂಶೋಧಕರಾದ ಚಾರ್ಲ್ಸ್ ಮ್ಯಾಡ್ಸೆನ್, ವೆಸ್ಲಿ ಬೆಕರ್ ಮತ್ತು ಅವರ ಸಂಗಡಿಗರು ಇದನ್ನೇ ಎಣಿಸಲು ಕೂತರು. 1968ರಲ್ಲಿ ಬಂದ ಆ ಅಧ್ಯಯನದಲ್ಲಿ ಟೀಚರುಗಳಿಗೆ ಹೇಳಿದ್ದು ಇಷ್ಟೆ: ಕೆಲವು ದಿನ ‘ಕೂತ್ಕೊ’ ಅನ್ನುವುದನ್ನು ಬೇಕೆಂದೇ ಹೆಚ್ಚಿಸಿ, ಮತ್ತೆ ಮೊದಲಿನಷ್ಟಕ್ಕೆ ಇಳಿಸಿ. ಹೆಚ್ಚು ಸಲ ಅಂದ ದಿನಗಳಲ್ಲಿ ಎದ್ದು ನಿಲ್ಲುವ ಮಕ್ಕಳೇ ಹೆಚ್ಚಾದರು. ಎದ್ದವರ ಗೊಡವೆ ಬಿಟ್ಟು, ಕೂತು ಬರೆಯುತ್ತಿದ್ದವರನ್ನು ಮೆಚ್ಚಿ ಮಾತಾಡತೊಡಗಿದಾಗ ಓಡಾಟ ಇಳಿಯಿತು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಗದರಿದಾಗೆಲ್ಲ ಎದುರಿಗಿದ್ದ ಮಗು ಹೆಚ್ಚಾಗಿ ಕೂತೇ ಕೂರುತ್ತದೆ. ಹಾಗಾಗಿ ಟೀಚರಿಗೆ ತನ್ನ ಮಾತು ನಡೆಯುತ್ತಿದೆ ಎಂದೇ ಅನ್ನಿಸುತ್ತದೆ. ಆ ನಿಮಿಷದ ಲೆಕ್ಕ ಸರಿ, ಇಡೀ ಪೀರಿಯಡ್ಡಿನ ಲೆಕ್ಕ ತಪ್ಪು. ಬೆಕರ್ ಇದನ್ನು ‘ಬೈಗುಳದ ಬಲೆ’ ಎಂಬರ್ಥದ ಹೆಸರಿನಿಂದ ಕರೆದರು. ಬಲೆಯಲ್ಲಿ ಸಿಕ್ಕಿಕೊಂಡಿದ್ದು ಮಾತ್ರ ಮಗುವಲ್ಲ.

ನಮ್ಮ ಸ್ಟಾಫ್ ರೂಮುಗಳಲ್ಲಿ ಈ ಮಾತೆತ್ತಿದರೆ ಬರುವ ಉತ್ತರಗಳು ಬೇರೆ. ‘ಅವನ ಅಪ್ಪನೂ ಹೀಗೇ ಇದ್ದ.’ ‘ಮನೇಲಿ ಮುದ್ದು ಜಾಸ್ತಿ.’ ‘ಎಲ್ಲ ಮೊಬೈಲಿನ ಮಹಿಮೆ.’ ಇವು ಸುಳ್ಳೆಂದು ಹೇಳುವಂತಿಲ್ಲ. ಆದರೆ ಬೆಳಿಗ್ಗೆ ಪ್ರಾರ್ಥನೆಯಿಂದ ಸಂಜೆ ಗಂಟೆ ಹೊಡೆಯುವವರೆಗೆ ಮೇಷ್ಟ್ರ ಕೈಯಲ್ಲಿ ಬದಲಿಸಲು ಆಗುವಂಥದ್ದು ಇವುಗಳಲ್ಲಿ ಒಂದೂ ಇಲ್ಲ. ಅಪ್ಪನನ್ನು ಬದಲಿಸುವುದು ಹೇಗೆ? ಕಾರಣ ಹುಡುಕುವ ಕೆಲಸ ಇಲ್ಲಿಗೆ ಬಂದು ನಿಂತುಬಿಡುತ್ತದೆ, ಉಳಿಯುವುದು ಬೈಗುಳ, ಬಸ್ಕಿ, ‘ಹೊರಗೆ ನಿಂತ್ಕೊ’.

ಫಂಕ್ಷನಲ್ ಬಿಹೇವಿಯರ್ ಅಸೆಸ್‌ಮೆಂಟ್, ಬಳಕೆಯಲ್ಲಿ ಎಫ್‌ಬಿಎ, ಎನ್ನುವ ವಿಧಾನ ಇದಕ್ಕಿಂತ ತೀರ ಸಣ್ಣ ಪ್ರಶ್ನೆ ಕೇಳುತ್ತದೆ. ಮಗುವಿನ ಸ್ವಭಾವ ಏನು ಎಂದು ಕೇಳುವುದಿಲ್ಲ. ಹಾಗೆ ಮಾಡಿದ್ದರಿಂದ ಆ ಹೊತ್ತಿಗೆ ಮಗುವಿಗೆ ಏನು ಸಿಕ್ಕಿತು, ಅಥವಾ ಏನು ತಪ್ಪಿತು ಎಂದು ಕೇಳುತ್ತದೆ.

ಐದನೇ ತರಗತಿಯ ಇಬ್ಬರನ್ನು ಊಹಿಸಿಕೊಳ್ಳಿ, ಒಬ್ಬ ಹುಡುಗ, ಒಬ್ಬಳು ಹುಡುಗಿ. ಗಣಿತದ ಪೀರಿಯಡ್ಡಿನಲ್ಲಿ ಇಬ್ಬರೂ ಡೆಸ್ಕು ಬಡಿಯುತ್ತಾರೆ, ಪಕ್ಕದವರ ನೋಟ್‌ಬುಕ್ ಎಳೆದು ಬಿಸಾಡುತ್ತಾರೆ. ನೋಡುವವರಿಗೆ ಎರಡೂ ಒಂದೇ ಪುಂಡಾಟ. ಎರಡು ವಾರ ಗಮನಿಸಿ ಬರೆದಿಟ್ಟರೆ ಬೇರೆಯೇ ಚಿತ್ರ ಕಾಣುತ್ತದೆ. ಹುಡುಗ ಡೆಸ್ಕು ಬಡಿಯುವುದು ಬೋರ್ಡಿನ ಮೇಲೆ ಎರಡಂಕಿಯ ಭಾಗಾಕಾರ ಬಂದಾಗ ಮಾತ್ರ. ಬಾಯಿಲೆಕ್ಕದ ದಿನ, ಮಗ್ಗಿ ಒಪ್ಪಿಸುವ ದಿನ ಅವನು ತೆಪ್ಪಗಿರುತ್ತಾನೆ. ಬಡಿದರೆ ಟೀಚರು ಹೊರಗೆ ಕಳಿಸುತ್ತಾರೆ. ಜಗಲಿಯಲ್ಲಿ ನಿಂತರೆ ಬಿಸಿಯೂಟದ ಅಕ್ಕಂದಿರು ಸೊಪ್ಪು ಸೋಸುವುದು ಕಾಣುತ್ತದೆ, ಗಾಳಿ ಬರುತ್ತದೆ, ಭಾಗಾಕಾರ ಇಲ್ಲ. ಹುಡುಗಿಗೆ ಲೆಕ್ಕ ಚೆನ್ನಾಗಿಯೇ ಬರುತ್ತದೆ. ಅವಳು ಶುರುಮಾಡುವುದು ಟೀಚರು ಆಚೆ ಸಾಲಿಗೆ ಹೋಗಿ ನೋಟ್‌ಬುಕ್ ತಿದ್ದುತ್ತಿರುವಾಗ. ಬಡಿದರೆ ಟೀಚರು ಅಷ್ಟು ದೂರದಿಂದ ನಡೆದು ಬಂದು, ಅವಳ ಮುಂದೆ ನಿಂತು, ಅವಳ ಹೆಸರು ಹಿಡಿದು ಎರಡು ನಿಮಿಷ ಬೈಯುತ್ತಾರೆ. ಬೆಳಿಗ್ಗೆಯಿಂದ ಅವಳ ಜೊತೆ ಯಾರೂ ಅಷ್ಟು ಹೊತ್ತು ಮಾತಾಡಿಲ್ಲ.

ಹುಡುಗನನ್ನು ಹೊರಗೆ ನಿಲ್ಲಿಸಿದ್ದು ಅವನಿಗೆ ಸಂದ ಕೂಲಿ. ಸರಿ, ಅವನನ್ನು ಕಡೆಗಣಿಸೋಣ ಎಂದರೂ ಅವನು ಗೆದ್ದ, ಏಕೆಂದರೆ ಗಲಾಟೆ ನಡೆದಷ್ಟು ಹೊತ್ತು ಲೆಕ್ಕ ಮಾಡಬೇಕಿಲ್ಲ. ಹುಡುಗಿಗೆ ಸುಲಭದ ಲೆಕ್ಕ ಕೊಟ್ಟರೆ ಏನೂ ಬದಲಾಗದು. ಆದರೆ ಟೀಚರು ಐದೈದು ನಿಮಿಷಕ್ಕೊಮ್ಮೆ ಅವಳ ಬಳಿ ಹಾದು ‘ಎಲ್ಲಿವರೆಗೆ ಬಂತು?’ ಎಂದು ಕೇಳಿದರೆ ಬಡಿಯುವ ಪ್ರಮೇಯವೇ ಬಾರದೆ ಹೋಗಬಹುದು. ಜ್ವರಕ್ಕೂ ಹೊಟ್ಟೆನೋವಿಗೂ ಒಂದೇ ಗುಳಿಗೆ ಕೊಟ್ಟು, ವಾಸಿಯಾಗದಿದ್ದರೆ ಎರಡು ಕೊಡುವ ವೈದ್ಯವನ್ನು ಶಾಲೆಗಳು ಶಿಸ್ತು ಎಂದು ಕರೆಯುತ್ತ ಬಂದಿವೆ.

ಈ ಯೋಚನೆಯ ಬೇರು ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಅವರ 1953ರ ಪುಸ್ತಕದಲ್ಲಿದೆ. ಆದರೆ ಅದಕ್ಕೆ ಗಟ್ಟಿತನ ಬಂದದ್ದು ಶಾಲೆಯಲ್ಲಲ್ಲ, ತಮ್ಮನ್ನು ತಾವೇ ಹೊಡೆದುಕೊಳ್ಳುವ, ಗೋಡೆಗೆ ತಲೆ ಚಚ್ಚಿಕೊಳ್ಳುವ ಮಕ್ಕಳ ನಡುವೆ. 1977ರಲ್ಲಿ ಎಡ್ವರ್ಡ್ ಕಾರ್ ಒಂದು ಸಮೀಕ್ಷಾ ಲೇಖನ ಬರೆದು, ಇಂಥ ವರ್ತನೆಗೆ ಎಲ್ಲರಲ್ಲೂ ಒಂದೇ ಕಾರಣ ಇರಲಾರದು ಎಂದು ವಾದಿಸಿದರು. 1982ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬ್ರಯನ್ ಇವಾಟಾ ಮತ್ತು ಸಂಗಡಿಗರು ಅದನ್ನು ಪರೀಕ್ಷೆಗೆ ಒಡ್ಡಿದರು. ಒಂದು ಸಲ ಮಗುವಿಗೆ ಕೆಲಸ ಕೊಡುವುದು, ಒಂದು ಸಲ ಹೊಡೆದುಕೊಂಡಾಗ ಮಾತ್ರ ಹತ್ತಿರ ಹೋಗಿ ಕಾಳಜಿ ತೋರುವುದು, ಒಂದು ಸಲ ಒಂಟಿಯಾಗಿ ಬಿಡುವುದು, ಒಂದು ಸಲ ಆಟವಾಡಿಸುವುದು. 9 ಮಂದಿಯಲ್ಲಿ 6 ಮಂದಿ ಯಾವುದೋ ಒಂದು ಬಗೆಯ ಸಂದರ್ಭದಲ್ಲಿ ಎದ್ದು ಕಾಣುವಷ್ಟು ಹೆಚ್ಚು ಹೊಡೆದುಕೊಂಡರು. ಆ ಸಂದರ್ಭ ಎಲ್ಲರಿಗೂ ಒಂದೇ ಆಗಿರಲಿಲ್ಲ.

ನನ್ನ ಮಟ್ಟಿಗೆ ಟೀಚರುಗಳಿಗೆ ಹೇಳಲೇಬೇಕಾದ ಪ್ರಯೋಗ ಇದಲ್ಲ, ಇದರ ಮುಂದಿನದು. 1985ರಲ್ಲಿ ಕಾರ್ ಮತ್ತು ಮಾರ್ಕ್ ಡುರಾಂಡ್ ನಾಲ್ಕು ಮಕ್ಕಳ ಜೊತೆ ಕೆಲಸ ಮಾಡಿದರು. ಕೆಲವರ ಗಲಾಟೆ ಕಷ್ಟದ ಕೆಲಸ ಎದುರಾದಾಗ, ಕೆಲವರದು ದೊಡ್ಡವರ ಗಮನ ಕಡಿಮೆಯಾದಾಗ. ಕಷ್ಟಕ್ಕೆ ಗಲಾಟೆ ಮಾಡುವವರಿಗೆ ‘ನನಗೆ ಗೊತ್ತಾಗ್ತಿಲ್ಲ’ ಎಂದು ಹೇಳುವುದನ್ನು ಕಲಿಸಿದರು. ಹಾಗೆಂದರೆ ಸಹಾಯ ಸಿಗುತ್ತಿತ್ತು. ಗಮನಕ್ಕಾಗಿ ಮಾಡುವವರಿಗೆ ‘ನಾನು ಚೆನ್ನಾಗಿ ಮಾಡ್ತಿದೀನಾ?’ ಎಂದು ಕೇಳುವುದನ್ನು ಕಲಿಸಿದರು. ಹಾಗೆಂದರೆ ಮೆಚ್ಚುಗೆಯ ಮಾತು ಸಿಗುತ್ತಿತ್ತು. ಗಲಾಟೆ ಬಿದ್ದುಹೋಯಿತು. ಇಷ್ಟೇ ಆಗಿದ್ದರೆ ಮಕ್ಕಳಿಗೆ ಒಳ್ಳೆಯ ಮಾತು ಕಲಿಸಿದ್ದರ ಫಲ ಎನ್ನಬಹುದಿತ್ತು. ಅವರು ಅದಲುಬದಲು ಮಾಡಿಯೂ ನೋಡಿದರು. ಕಷ್ಟದ ಕೆಲಸದಿಂದ ತಪ್ಪಿಸಿಕೊಳ್ಳಲು ನೋಡುವ ಮಗುವಿಗೆ ಮೆಚ್ಚುಗೆ ಕೇಳುವ ವಾಕ್ಯ ಕಲಿಸಿದರೆ ಪ್ರಯೋಜನವಾಗಲಿಲ್ಲ. ಆ ಪುಟ್ಟ ವಾಕ್ಯ ಗಲಾಟೆ ಮಾಡುತ್ತಿದ್ದ ಕೆಲಸವನ್ನೇ ಮಾಡಬೇಕು, ಆಗಷ್ಟೇ ಗಲಾಟೆ ಜಾಗ ಬಿಡುತ್ತದೆ.

ಹಾಗಿದ್ದರೆ ಮೇಷ್ಟ್ರು ಇದನ್ನು ಕಲಿಯುವುದು ಎಂದರೆ ಏನನ್ನು ಕಲಿಯುವುದು? ಮೊದಲಿಗೆ ಬರೆಯುವುದನ್ನು. 1968ರಲ್ಲೇ ಸಿಡ್ನಿ ಬಿಜೂ ಮತ್ತು ಜೊತೆಗಾರರು ರೂಢಿಗೆ ತಂದ ಮೂರು ಕಾಲಮ್ಮಿನ ಹಾಳೆ ಇಂದಿಗೂ ಇದರ ಮುಖ್ಯ ಸಾಧನ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ನೋಡಲು ಸರಳ, ತುಂಬಲು ಕಷ್ಟ. ನಡುವಿನ ಕಾಲಮ್ಮಿನಲ್ಲಿ ‘ಉದ್ಧಟತನ ತೋರಿದ’ ಎಂದು ಬರೆಯುವಂತಿಲ್ಲ. ಸೊಕ್ಕನ್ನು ಎಣಿಸಲಾಗದು. ‘ಅಂಗೈಯಿಂದ ಡೆಸ್ಕನ್ನು ನಾಲ್ಕು ಸಲ ಬಡಿದ’ ಎಂದರೆ ಎಣಿಸಬಹುದು, ಇನ್ನೊಬ್ಬರು ನೋಡಿದರೂ ಅಷ್ಟೇ ಬರೆಯುತ್ತಾರೆ. ಮೊದಲ ಕಾಲಮ್ಮಿನಲ್ಲಿ ‘ಏನೂ ಕಾರಣವಿಲ್ಲದೆ’ ಎಂಬುದು ಅತಿ ಸುಲಭವಾಗಿ ಬರುವ ಉತ್ತರ, ಅದನ್ನು ಹೊಡೆದುಹಾಕಬೇಕು. ಆ ಹೊತ್ತಿಗೆ ಯಾವ ಪಾಠ, ಎಷ್ಟನೇ ಲೆಕ್ಕ, ಟೀಚರು ಎಲ್ಲಿ ನಿಂತಿದ್ದರು, ಪಕ್ಕದಲ್ಲಿ ಯಾರಿದ್ದರು.

ಮೂರನೇ ಕಾಲಮ್ಮಿನ ಕಷ್ಟವೇ ಬೇರೆ. ಅಲ್ಲಿ ಬರೆಯಬೇಕಾದದ್ದು ಟೀಚರು ತಾವೇ ಮಾಡಿದ್ದನ್ನು. ನಮ್ಮ ಕಡತಗಳ ಭಾಷೆಯಲ್ಲಿ ಅದು ‘ವಿದ್ಯಾರ್ಥಿಗೆ ಸೂಕ್ತ ತಿಳಿವಳಿಕೆ ನೀಡಲಾಯಿತು’ ಎಂದಾಗಿಬಿಡುತ್ತದೆ. ಯಾರು ನೀಡಿದರು, ಎಷ್ಟು ಹೊತ್ತು, ಯಾವ ದನಿಯಲ್ಲಿ, ಉಳಿದ ಮಕ್ಕಳು ನಕ್ಕರೇ ಇಲ್ಲವೇ, ಒಂದೂ ತಿಳಿಯದು. ‘ನಾನು ಬೈದೆ. ಹಿಂದಿನ ಬೆಂಚಿನವರು ನಕ್ಕರು. ಲೆಕ್ಕ ಅಲ್ಲಿಗೇ ನಿಂತಿತು.’ ಹೀಗೆ ಬರೆಯಲು ಒಪ್ಪಿದ ಟೀಚರಿಗೆ ಅರ್ಧ ವಿದ್ಯೆ ಬಂದಂತೆ. ಇನ್ನರ್ಧ, ಮಗು ಯಾವಾಗ ಹಾಗೆ ಮಾಡುವುದಿಲ್ಲ ಎಂಬುದನ್ನು ನೋಡುವುದು. ಚಿತ್ರ ಬರೆಯುವಾಗ ಇಲ್ಲ, ಸೋಮವಾರ ಇದೆ ಶುಕ್ರವಾರ ಇಲ್ಲ, ಬೆಳಗಿನ ಹಾಲು ಕುಡಿದ ಮೇಲೆ ಇಲ್ಲ ಎಂಬ ಸಾಲುಗಳು ಕೆಲವೊಮ್ಮೆ ಇಡೀ ಕಾರಣವನ್ನೇ ಬಿಚ್ಚಿಡುತ್ತವೆ. ಖಾಲಿ ಹೊಟ್ಟೆಯಲ್ಲಿ ಬಂದ ಮಗುವಿಗೆ ಯಾವ ವರ್ತನಾ ಯೋಜನೆಯೂ ಬೇಕಿಲ್ಲ.

ಇಷ್ಟಾದ ಮೇಲೆ ಒಂದು ಊಹೆ, ಆ ಊಹೆಗೊಂದು ಪರೀಕ್ಷೆ. ನಮ್ಮ ಹುಡುಗನಿಗೆ ಹತ್ತು ಭಾಗಾಕಾರದ ಬದಲು ನಾಲ್ಕು, ಮೇಲ್ಗಡೆ ಬಿಡಿಸಿ ತೋರಿಸಿದ ಒಂದು. ‘ಗೊತ್ತಾಗ್ತಿಲ್ಲ ಮಿಸ್’ ಎಂದು ಕೈಯೆತ್ತಿದರೆ ತಕ್ಷಣ ಸಹಾಯ, ಬೇಕಾದರೆ ಎರಡು ನಿಮಿಷದ ಬಿಡುವು. ಬಡಿತ ಇಳಿದರೆ ಊಹೆ ಸರಿ, ಇಳಿಯದಿದ್ದರೆ ಮತ್ತೆ ಹಾಳೆ ನೋಡಬೇಕು. ‘ಇದು ಅವನು ತಪ್ಪಿಸಿಕೊಳ್ಳೋಕೆ ನಾವೇ ದಾರಿ ಮಾಡಿಕೊಟ್ಟ ಹಾಗಲ್ವಾ?’ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅವನು ಈಗಲೂ ದಿನಾ ತಪ್ಪಿಸಿಕೊಳ್ಳುತ್ತಿದ್ದಾನೆ, ಜಗಲಿಯಲ್ಲಿ, ಇಡೀ ಪೀರಿಯಡ್ಡು. ಎರಡು ನಿಮಿಷಕ್ಕೆ ಇಳಿದರೆ ಅದು ಲಾಭ. ಬಿಡುವನ್ನು ಆಮೇಲೆ ಕಡಿಮೆ ಮಾಡುತ್ತ ಬರಬಹುದು, ಭಾಗಾಕಾರವನ್ನಂತೂ ಕಲಿಸಲೇಬೇಕು.

ಹುಡುಗಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಇದುವರೆಗೆ ಬಡಿದಾಗೆಲ್ಲ ಬರುತ್ತಿದ್ದ ಟೀಚರು ಇದ್ದಕ್ಕಿದ್ದಂತೆ ಬಾರದೆ ಹೋದರೆ ಬಡಿತ ಮೊದಲಿಗೆ ಜೋರಾಗುವ ಸಂಭವವೇ ಹೆಚ್ಚು. ಇದನ್ನು ಮುಂಚೆಯೇ ತಿಳಿಸದ ತರಬೇತಿ ಟೀಚರಿಗೆ ಮೋಸ ಮಾಡಿದಂತೆ. ಮೂರನೇ ದಿನ ಅವರು ಸಹನೆಗೆಟ್ಟು ಹೋಗಿ ಗದರುತ್ತಾರೆ, ಮಗು ಕಲಿಯುವುದು ‘ಇನ್ನೂ ಜೋರಾಗಿ, ಇನ್ನೂ ಹೆಚ್ಚು ಹೊತ್ತು ಬಡಿದರೆ ಬರುತ್ತಾರೆ’ ಎಂದು. ಮೊದಲಿದ್ದದ್ದಕ್ಕಿಂತ ಕೆಟ್ಟ ಸ್ಥಿತಿ.

ಅಮೆರಿಕದಲ್ಲಿ ಎಫ್‌ಬಿಎ ಕಾನೂನಿನೊಳಗೆ ಬಂದದ್ದು 1997ರಲ್ಲಿ, ಅಂಗವಿಕಲ ಮಕ್ಕಳ ಶಿಕ್ಷಣ ಕಾಯ್ದೆಯ ತಿದ್ದುಪಡಿಯ ಮೂಲಕ. ಅಂಥ ಮಗುವನ್ನು ಶಿಸ್ತಿನ ಹೆಸರಿನಲ್ಲಿ 10 ದಿನಕ್ಕಿಂತ ಹೆಚ್ಚು ಹೊರಗಿಡುವ ಸಂದರ್ಭಗಳಲ್ಲಿ ಶಾಲೆ ಎಫ್‌ಬಿಎ ಮಾಡಬೇಕಾಯಿತು. ಅದನ್ನು ಹೇಗೆ ಮಾಡಬೇಕು ಎಂದು ಕಾಯ್ದೆ ವಿವರಿಸಲಿಲ್ಲ. ಫಾರಂ ಮೊದಲು ಬಂತು, ವಿದ್ಯೆ ಆಮೇಲೆ. ಕೈಮೀರಿದ ಮೇಲೆ ಹೊರಗಿನ ತಜ್ಞರು ಬಂದು ಫೈಲು ತುಂಬುವ ಕೆಲಸವಾಗುವ ಅಪಾಯ ಇದರಲ್ಲೇ ಇತ್ತು. ಸಾಮಾನ್ಯ ತರಗತಿಯ ಟೀಚರು, ಅಂದರೆ ಮಗುವನ್ನು ದಿನವಿಡೀ ನೋಡುವ ಒಬ್ಬರೇ ಒಬ್ಬರು, ಇದರಲ್ಲಿ ಪ್ರಶ್ನಾವಳಿಗೆ ಉತ್ತರಿಸುವವರಷ್ಟೇ ಆಗಿಬಿಡಬಹುದಿತ್ತು.

ಟೀಚರಿಗೇ ಇದನ್ನು ಕಲಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರಗಳಿವೆ. 2002ರಲ್ಲಿ ಮೂರ್ ಮತ್ತು ಸಂಗಡಿಗರು ಬೆರಳೆಣಿಕೆಯ ಟೀಚರುಗಳಿಗೆ ಇವಾಟಾ ಬಗೆಯ ಪರೀಕ್ಷೆ ನಡೆಸುವುದನ್ನು ಕಲಿಸಿದರು. ಬರೆದದ್ದನ್ನು ಓದಿಸಿ, ಬಾಯಲ್ಲಿ ವಿವರಿಸಿದಾಗ ಅವರು ಮಾಡಿದ್ದು ಸರಿಬರಲಿಲ್ಲ. ಮಾಡಿ ತೋರಿಸಿ, ಅವರಿಂದ ಮಾಡಿಸಿ, ಎಲ್ಲಿ ತಪ್ಪಿತೆಂದು ಕೂಡಲೇ ಹೇಳಿದಾಗ ಸರಿಯಾಯಿತು, ತರಗತಿಯಲ್ಲೂ. ಶೆಲ್ಡನ್ ಲೋಮನ್ ಮತ್ತು ರಾಬರ್ಟ್ ಹಾರ್ನರ್ ಶಾಲಾ ಸಿಬ್ಬಂದಿಗೆಂದು ತಲಾ ಒಂದು ಗಂಟೆಯ ನಾಲ್ಕು ಪಾಠಗಳ ತರಬೇತಿಯನ್ನೇ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಅಪಾಯವಿಲ್ಲದ, ಆದರೆ ದಿನದಿನವೂ ಪಾಠ ಕೆಡಿಸುವ ವರ್ತನೆಗಳಿಗೆ ಇಷ್ಟು ಸಾಕು ಎಂಬುದು ಅವರ ಎಣಿಕೆ.

ಗಂಟೆಗಳ ಸಂಖ್ಯೆ ನೋಡಿ. ನಮ್ಮಲ್ಲಿ ತರಬೇತಿಯ ದಿನಗಳಿಗೇನೂ ಕೊರತೆ ಇಲ್ಲ. ರಾಜ್ಯಮಟ್ಟದಲ್ಲಿ ಕಲಿತವರು ಜಿಲ್ಲೆಗೆ, ಜಿಲ್ಲೆಯವರು ತಾಲ್ಲೂಕಿಗೆ ಎಂಬ ಏಣಿಯಲ್ಲಿ ಇಳಿಯುತ್ತ ಬರುವ ತರಬೇತಿ, ಪ್ರೊಜೆಕ್ಟರ್ ಇರುವ ಒಂದು ಹಾಲು, ಮಾಡ್ಯೂಲು, ಸಹಿ ಹಾಕುವ ಪುಸ್ತಕ, ಮಧ್ಯಾಹ್ನದ ಊಟ. ಮಾಹಿತಿ ಆ ಏಣಿಯಲ್ಲಿ ಹೇಗೋ ಇಳಿದೀತು, ಕೈಗೆಲಸ ಇಳಿಯದು. ಉಪನ್ಯಾಸ ಕೊಟ್ಟು ಈಜು ಕಲಿಸಬಹುದು ಎಂದು ಯಾರೂ ನಂಬುವುದಿಲ್ಲ, ಮಗುವನ್ನು ಗಮನಿಸುವುದರ ಮೇಲೆ ಮಾತ್ರ ದಿನಗಟ್ಟಲೆ ಉಪನ್ಯಾಸ ಕೊಡುತ್ತೇವೆ.

ಈ ವಿದ್ಯೆ ನಮ್ಮ ನೆಲಕ್ಕೆ ಹೊಸದೂ ಅಲ್ಲ. 1992ರಲ್ಲಿ ಸಿಕಂದರಾಬಾದಿನ ರಾಷ್ಟ್ರೀಯ ಬುದ್ಧಿಮಾಂದ್ಯರ ಸಂಸ್ಥೆಯಿಂದ ರೀತಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ಭಾರತದ ಬುದ್ಧಿಮಾಂದ್ಯ ಮಕ್ಕಳಿಗಾಗಿ ‘ಬೇಸಿಕ್-ಎಂಆರ್’ ಎಂಬ ಅಳತೆಪಟ್ಟಿ ರೂಪಿಸಿದರು. ಅದರ ಎರಡನೇ ಭಾಗ ಪೂರ್ತಿ ಸಮಸ್ಯಾತ್ಮಕ ವರ್ತನೆಗಳದ್ದೇ, 10 ಗುಂಪುಗಳಲ್ಲಿ 75 ಅಂಶಗಳು. ಅದರ ಜೊತೆಗೆ ಟೀಚರುಗಳಿಗೆಂದೇ ಒಂದು ಕೈಪಿಡಿಯನ್ನೂ ಬರೆದರು. ವೆಂಕಟೇಶನ್ ಮುಂದೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಅಂದರೆ ಮೂವತ್ತು ವರ್ಷಗಳಿಂದ ನಮ್ಮ ವಿಶೇಷ ಶಾಲೆಗಳ ಜಗತ್ತಿಗೆ ಗೊತ್ತಿರುವ ಪಾಠ ಇದು. ಪಕ್ಕದ ಸರ್ಕಾರಿ ಶಾಲೆಯ ಕಾಂಪೌಂಡು ದಾಟಿ ಒಳಗೆ ಬರಲಿಲ್ಲ ಅಷ್ಟೆ.

ಮಕ್ಕಳು ಮಾತ್ರ ಕಾಂಪೌಂಡು ದಾಟಿ ಬಂದಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಲ್ಲ ಮಕ್ಕಳೂ ಒಂದೇ ತರಗತಿಯಲ್ಲಿ ಕಲಿಯುವ ಸಮನ್ವಯ ಶಿಕ್ಷಣವನ್ನು ಹೇಳಿತು. ಅದಕ್ಕೂ ಮುಂಚೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ‘ಹೊಡೆಯೋ ಹಾಗಿಲ್ಲ, ಬೈಯೋ ಹಾಗಿಲ್ಲ, ಮತ್ತೇನು ಮಾಡೋಣ ಹೇಳಿ?’ ಎಂದು ಮೇಷ್ಟ್ರುಗಳು ಕೇಳುವುದನ್ನು ಮಕ್ಕಳ ಹಕ್ಕಿನ ಪರವಾಗಿರುವವರು ಸಿಟ್ಟಿನಿಂದ ಕೇಳಿಸಿಕೊಳ್ಳುತ್ತಾರೆ. ನನಗದು ಪ್ರಾಮಾಣಿಕ ಪ್ರಶ್ನೆಯಾಗಿಯೇ ಕೇಳಿಸುತ್ತದೆ. ಬೆತ್ತ ಕಸಿದುಕೊಂಡ ಕಾನೂನು ಅದರ ಜಾಗಕ್ಕೆ ಏನನ್ನೂ ಕೊಡಲಿಲ್ಲ.

ಕನ್ನಡದ ಶಾಲೆಗಳಲ್ಲಿ ಕಾರಣ ಹುಡುಕಹೊರಟರೆ ಅಮೆರಿಕದ ಕೈಪಿಡಿಯಲ್ಲಿ ಇಲ್ಲದ ಕೆಲವು ಜಾಗಗಳನ್ನೂ ನೋಡಬೇಕಾಗುತ್ತದೆ. ಮನೆಯಲ್ಲಿ ಲಂಬಾಣಿಯೋ ಉರ್ದುವೋ ತುಳುವೋ ಆಡುವ ಮಗು ಒಂದನೇ ತರಗತಿಯಲ್ಲಿ ಎದ್ದು ಓಡುತ್ತಿದ್ದರೆ, ಅದು ಓಡುತ್ತಿರುವುದು ಅರ್ಥವಾಗದ ಮಾತಿನಿಂದ ಇರಬಹುದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿ ರಾಜ್ಯವಿಡೀ ಹರಡಿದ ನಲಿ-ಕಲಿಯಲ್ಲಿ ಮೂರನೇ ತರಗತಿವರೆಗೆ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಹತ್ತುತ್ತಾರೆ. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಬೋರ್ಡು, ಒಂದೇ ಪುಟ. ಅಲ್ಲಿಯವರೆಗೆ ಸುಮ್ಮನಿದ್ದ ಮಗು ಅಲ್ಲಿಂದ ಗಲಾಟೆ ಶುರುಮಾಡಿದರೆ ಮೊದಲು ಅನುಮಾನ ಪಡಬೇಕಾದದ್ದು ಪಾಠದ ಮಟ್ಟವನ್ನು, ಮಗುವಿನ ಮನೆತನವನ್ನಲ್ಲ.

ಈ ವಿಧಾನಕ್ಕೆ ಮಿತಿಯೂ ಇದೆ, ಉತ್ಸಾಹಿ ತರಬೇತುದಾರರು ಅದನ್ನು ಮರೆಯುತ್ತಾರೆ. ಬೋರ್ಡು ಕಾಣದ, ಕಿವಿ ಸರಿಯಾಗಿ ಕೇಳಿಸದ ಮಗುವಿನ ವಿಷಯದಲ್ಲಿ ಹಾಳೆ ತುಂಬುವ ಮೊದಲು ಕಣ್ಣು ಕಿವಿ ತಪಾಸಣೆ ಆಗಬೇಕು. ಇದ್ದಕ್ಕಿದ್ದಂತೆ ಬದಲಾದ ಮಗು, ಮುಟ್ಟಿದರೆ ಬೆಚ್ಚುವ ಮಗು, ಮನೆಗೆ ಹೋಗಲು ಹೆದರುವ ಮಗು ಬೇರೆಯದೇ ಸಂಗತಿ. ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ ಪೋಕ್ಸೋ ಕಾಯ್ದೆಯಡಿ ತಿಳಿಸುವುದು ಕಡ್ಡಾಯ, ಅಲ್ಲಿ ಎರಡು ವಾರ ಗಮನಿಸುತ್ತ ಕೂರುವುದು ಅಪರಾಧ. ತನ್ನನ್ನೋ ಇತರರನ್ನೋ ಗಾಯಗೊಳಿಸುವ ಮಗುವಿಗೆ ತಜ್ಞರೇ ಬೇಕು. ಇವಾಟಾ ಮಾಡಿದ ಹಾಗೆ ಬೇಕೆಂದೇ ಸಂದರ್ಭ ಸೃಷ್ಟಿಸಿ ಕೆರಳಿಸಿ ನೋಡುವುದು ತರಗತಿಯಲ್ಲಿ ಟೀಚರು ಒಬ್ಬರೇ ಮಾಡತಕ್ಕ ಕೆಲಸವಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಪಾಠ ಮಾಡುತ್ತಲೇ ಬರೆಯುವುದು ಹೇಗೆ? ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೊಬ್ಬರು ಟೀಚರು ಎನ್ನುತ್ತದೆ. ಎರಡು ಮೂರು ತರಗತಿಗಳನ್ನು ಒಟ್ಟಿಗೆ ಹಾಕಿಕೊಂಡು ಕೂತ ಹಳ್ಳಿ ಶಾಲೆಯ ಟೀಚರಿಗೆ ಅಂಕಿಯ ಸಮಾಧಾನ ಸಾಲದು. ಸಮನ್ವಯ ಶಿಕ್ಷಣಕ್ಕೆಂದೇ ಇರುವ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿಗಳು) ಇಡೀ ಬ್ಲಾಕನ್ನು ಸುತ್ತಬೇಕಾದವರು, ಒಂದೇ ತರಗತಿಯಲ್ಲಿ ವಾರಗಟ್ಟಲೆ ಕೂರಲಾರರು. ಒಂದು ಮಗು, ಒಂದು ಪೀರಿಯಡ್ಡು, ಎರಡು ವಾರ ಎಂದು ಮಿತಿ ಹಾಕಿಕೊಂಡರೆ ಟೀಚರು ತಾವೇ ಕೈಲಾದಷ್ಟು ಗುರುತು ಹಾಕಿಕೊಳ್ಳಬಹುದು. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಒಬ್ಬರು ಮಗುವಾಗಿ, ಒಬ್ಬರು ಟೀಚರಾಗಿ ಮಾಡಿ ತೋರಿಸಿ, ಉಳಿದವರು ಹಾಳೆ ತುಂಬಿ ಹೋಲಿಸಿ ನೋಡಬಹುದು. ಒಂದು ಪೈಸೆ ಖರ್ಚಿಲ್ಲ.

ಇನ್ನೊಂದು ದಾರಿಯೂ ನಮ್ಮ ಕಣ್ಣೆದುರಿಗೇ ಇದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) 2014ರ ನಿಯಮಗಳ ನಂತರ ಎರಡು ವರ್ಷದ ಬಿ.ಇಡಿ. ಓದುವವರು ಕನಿಷ್ಠ 20 ವಾರ ಶಾಲೆಯಲ್ಲಿ ಇರಬೇಕು. ಅದರಲ್ಲಿ ಎರಡೇ ವಾರ, ದಿನಕ್ಕೊಂದು ಪೀರಿಯಡ್ಡು, ಪಾಠಯೋಜನೆಯ ಚಾರ್ಟು ಬಿಟ್ಟು ಹಿಂದಿನ ಬೆಂಚಿನಲ್ಲಿ ಮೂರು ಕಾಲಮ್ಮಿನ ಹಾಳೆ ಹಿಡಿದು ಕೂತರೆ ಟೀಚರಿಗೆ ಬೇಕಾದ ಇನ್ನೊಂದು ಜೊತೆ ಕಣ್ಣು ಸಿಕ್ಕಂತಾಯಿತು, ಕಲಿಯುವವರಿಗೆ ಕೈಗೆಲಸವೂ ಆಯಿತು. ತೊಡಕು ಒಂದೇ. ಆ ಮೂರನೇ ಕಾಲಮ್ಮಿನಲ್ಲಿ ಪ್ರಶಿಕ್ಷಣಾರ್ಥಿ ಬರೆಯಬೇಕಾದದ್ದು ಮಾರ್ಗದರ್ಶಕ ಟೀಚರು ಏನು ಮಾಡಿದರು ಎಂಬುದನ್ನು, ಎಷ್ಟು ಸಲ ಗದರಿದರು ಎಂಬುದರ ಸಮೇತ. ಇಂಟರ್ನ್‌ಶಿಪ್ ಚೆನ್ನಾಗಿ ಮುಗಿಸಿದರು ಎಂದು ಬರೆದುಕೊಡಬೇಕಾದವರು ಅದೇ ಟೀಚರು.